ಇಬ್ಬರು ಕೂತರೆ ಜಗ್ಗುವ ಕಾರು

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವ ಜಾತಿ ನನ್ನದು. ಅಂಥವರ ಮುಖದೆದುರಿಗೇ ನಕ್ಕದ್ದೂ ಉಂಟು. ಈಗ ಬದಲಾಗಿದ್ದೇನೆ ಎಂದು ತಿಳಿಯಬೇಡಿ. ಆದರೆ ಕೆಲವು ವರ್ಷಗಳ ಹಿಂದೆ, ಹಾಡುಹಗಲಲ್ಲೇ, ನಾನಿರುವ ಬಿಬವೇವಾಡಿಯ ಒಂದು ಗ್ಯಾರೇಜಿನ ಮುಂದೆ ನಡೆದದ್ದನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವನ ಹಳೆಯ ಕಾರು ಊರಿನ ಇನ್ನೊಂದು ತುದಿಗೆ, ಖಡಕಿಯಲ್ಲಿದ್ದ ಅಕ್ಕನ ಮನೆ ಸೇರಿತ್ತು. ಅಪ್ಪನ ನೆನಪಿಗೆಂದು ನನಗೆ ಬೇಕಾಗಿದ್ದುದು ಅದೊಂದೇ. ಅಕ್ಕನೊಂದಿಗೆ ಮಾತು ಬಿಟ್ಟು, ಅವ್ವನ ಬಾಯಿಂದ ಹೇಳಿಸಿ, ಕೊನೆಗೂ ಒಪ್ಪಿಸಿದೆ. ಅವಳು ಮುಖ ಗಂಟಿಕ್ಕಿಕೊಂಡೇ ಕಾರು ತಂದಳು. ಹೇಗಿದೆ ನೋಡೋಣವೆಂದು ಪಕ್ಕದಲ್ಲಿ ಕೂತೆ. ಬೀದಿಯ ತುದಿ ಮುಟ್ಟುವಷ್ಟರಲ್ಲಿ ಇಂಜಿನ್ ಮುಗ್ಗರಿಸಿ ಕಾರು ಜಗ್ಗತೊಡಗಿತು, ಸ್ಟೇರಿಂಗಿನ ಹಿಂದೆ ಇಂಜಿನ್ ಕೆಟ್ಟಿದೆಯೆನ್ನುವ ಹಳದಿ ದೀಪ ಹತ್ತಿಕೊಂಡಿತು.

"ಕೆಡಿಸಿ ಇಟ್ಟು ಈಗ ನನ್ನ ತಲಿಗೆ ಕಟ್ಟಾಕ ಬಂದೀಯೇನು?" ಎಂದೆ.

"ಖಡಕಿಯಿಂದ ಛಲೋ ಬಂದದ. ನೀ ಹತ್ತಿದಿ, ಕೆಡ್ತು. ನಿನ್ನ ಕಾಲ್ಗುಣನ ಅಂಥಾದ್ದು," ಎಂದಳು. ಇವತ್ತು ರಿಪೇರಿಯಾಗದಿದ್ದರೆ ವಾಪಸ್ ಒಯ್ಯುತ್ತೇನೆ, ಮತ್ತೆ ಕೇಳಬಾರದು ಎಂದಳು. ಅವಳಿಗೊಂದು ನೆಪ ಸಿಕ್ಕಿತ್ತು.

ಗ್ಯಾರೇಜಿನ ಮೆಕ್ಯಾನಿಕ್ ಸಿಡುಕು ಮೋರೆಯವನು. ದೋಷ ತೋರಿಸುವ ಯಂತ್ರ ಹಚ್ಚಿ ನೋಡಿ, ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದೆ ಎಂದ. ಅದಕ್ಕೆ ಕಿಡಿ ಕೊಡುವ ಕಾಯಿಲ್ ಕಿತ್ತು ಪಕ್ಕದ ಸಿಲಿಂಡರಿಗೆ, ಪಕ್ಕದ್ದನ್ನು ಇದಕ್ಕೆ ಹಾಕಿದ. ಕಾಯಿಲ್ ಕೆಟ್ಟಿದ್ದರೆ ದೋಷವೂ ಅದರ ಜೊತೆ ಪಕ್ಕದ ಸಿಲಿಂಡರಿಗೆ ಹೋಗಬೇಕಂತೆ. ನಮ್ಮಿಬ್ಬರನ್ನೂ ಕೂರಿಸಿಕೊಂಡು ಓಡಿಸಿ ನೋಡಿದ. ಹೋಗಲಿಲ್ಲ. ಪ್ಲಗ್ ಬದಲಿಸಿದರೂ ಅಷ್ಟೇ. ಅವನೊಬ್ಬನೇ ಓಡಿಸಿದಾಗ ಮಾತ್ರ ಏನೂ ತೊಂದರೆಯಿಲ್ಲ, ದೀಪವೂ ತಾನಾಗಿಯೇ ಆರಿತು. ಯಂತ್ರ ಹಚ್ಚಿ ಆರಿಸದೆ ಅದು ಇಷ್ಟು ಬೇಗ ಆರುವುದಿಲ್ಲ ಎಂದು ಅದಕ್ಕೂ ರೇಗಿದ.

ಆಮೇಲೆ ನಮ್ಮನ್ನೇ ಅದಲುಬದಲು ಮಾಡಿದ. ನನ್ನನ್ನು ಇಳಿಸಿದ, ಕಾರು ಸರಿಯಾಯಿತು. ನನ್ನನ್ನು ಹತ್ತಿಸಿ ಅಕ್ಕನನ್ನು ಇಳಿಸಿದ, ಆಗಲೂ ಸರಿ. ಭಾರಕ್ಕೇನೋ ಎಂದು ಪಕ್ಕದ ಅಂಗಡಿಯ ದಢೂತಿಗಳಿಬ್ಬರನ್ನು ಕೂರಿಸಿದ, ಏನೂ ಆಗಲಿಲ್ಲ. ಮತ್ತೆ ನಾವಿಬ್ಬರೂ ಕೂತೆವು. ಅಕ್ಕ ಸ್ಟೇರಿಂಗ್ ಹಿಡಿದಳು. ಕಾರು ಜಗ್ಗಿತು, ದೀಪ ಹತ್ತಿತು.

ಆ ಜಗ್ಗಾಟ ನನಗೆ ಗೊತ್ತಿತ್ತು. ಚಿಕ್ಕವರಿದ್ದಾಗ ಹಿಂದಿನ ಸೀಟಿನಲ್ಲಿ ನಾವು ಕಿತ್ತಾಡಿದರೆ, ಅಪ್ಪ ತಿರುಗಿಯೂ ನೋಡದೆ ಎಕ್ಸಲರೇಟರ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಕಾರನ್ನು ಹೀಗೇ ಜಗ್ಗಿಸುತ್ತಿದ್ದ. "ಸುಮ್ನಾಗ್ತೀರೋ, ಒಬ್ಬಾಕಿನ್ನ ಇಳಸ್ಲೋ?" ಎನ್ನುತ್ತಿದ್ದ. ಇಳಿಸುತ್ತಿದ್ದುದು ಯಾವಾಗಲೂ ನನ್ನನ್ನೇ. ಅಕ್ಕ ಹಿಂದಿನ ಗಾಜಿನಿಂದ ನಾಲಿಗೆ ಚಾಚುತ್ತಿದ್ದಳು. ಸ್ವಲ್ಪ ಮುಂದೆ ಹೋಗಿ ಕಾರು ನಿಲ್ಲುತ್ತಿತ್ತು, ನಾನು ಅಳುತ್ತಾ ಓಡಿ ಹೋಗಿ ಹತ್ತುತ್ತಿದ್ದೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಕ್ಕನ ಮುಖ ನೋಡಿದೆ. ಬಿಳಿಚಿಕೊಂಡಿತ್ತು. ಅವಳಿಗೂ ಅದೇ ನೆನಪಾಗಿತ್ತು, ಆಣೆ ಮಾಡಿ ಹೇಳಬಲ್ಲೆ.

ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪ್ಯಾನರ್ ಎಸೆದು, ಇಬ್ಬರಲ್ಲಿ ಒಬ್ಬರು ಇಳಿಯಿರಿ, ಇಲ್ಲವೇ ಈ ಪೀಡೆಯನ್ನು ಇಲ್ಲಿಂದ ತೊಲಗಿಸಿ ಎಂದು ಮರಾಠಿಯಲ್ಲಿ ಕೂಗಿದ. ಯಾರು ಇಳಿಯಬೇಕೆಂದು ಹೇಳಲಿಲ್ಲ. ಅಕ್ಕನೂ ಹೇಳಲಿಲ್ಲ. ಅಷ್ಟರಲ್ಲಿ ನಾನು ಬಾಗಿಲು ತೆರೆದು ರಸ್ತೆಯ ಮೇಲೆ ನಿಂತಿದ್ದೆ.

ಜಗ್ಗುವುದು ನಿಂತಿತು. ಅಕ್ಕ ಗಾಜು ಏರಿಸಿಕೊಂಡು ಖಡಕಿಯ ಕಡೆ ಹೊರಟಳು. ಸ್ವಲ್ಪ ಮುಂದೆ ಹೋಗಿ ಕಾರು ನಿಲ್ಲುತ್ತದೆಂದು ಕಾದೆ. ನಿಲ್ಲಲಿಲ್ಲ.

ಅದು ಈಗಲೂ ಅವಳ ಹತ್ತಿರ ಚೆನ್ನಾಗಿಯೇ ಓಡುತ್ತಿದೆಯಂತೆ. ಕಿಡಿ ಯಾಕೆ ತಪ್ಪಿತೆಂಬುದಕ್ಕೆ ತಿಳಿದವರು ಏನಾದರೂ ಕಾರಣ ಕೊಡಬಹುದು. ಅಷ್ಟು ಹಟ ಹಿಡಿದು ತರಿಸಿಕೊಂಡ ಕಾರಿನಿಂದ, ಯಾರೂ ಹೇಳದೆ, ನಾನೇ ಯಾಕೆ ಇಳಿದೆ?