ದಾಡಿ ಮುಗಿಯುವಷ್ಟು ಇಂಗ್ಲಿಷ್

ಕೆಲಸದವರಿಗೆ ತಿಳಿಯಬಾರದ ಮಾತು ಬಂದಾಗ ನಾವು ಇಂಗ್ಲಿಷಿಗೆ ಹಾರುತ್ತೇವೆ. ಡ್ರೈವರನ ಬೆನ್ನ ಹಿಂದೆ ಕೂತು ಹಾರುತ್ತೇವೆ, ಪಾತ್ರೆ ತಿಕ್ಕುವವಳ ಎದುರೇ ನಿಂತು ಹಾರುತ್ತೇವೆ, ಕಟಿಂಗ್ ಅಂಗಡಿಯಲ್ಲಿ ಕತ್ತು ಚಾಚಿಕೊಂಡೂ ಹಾರುತ್ತೇವೆ. ಇದು ನಿಮಗೂ ಗೊತ್ತು, ನನಗೂ ಗೊತ್ತು. ಗೊತ್ತಿಲ್ಲದವರ ಹಾಗೆ ಮುಖ ಮಾಡಬೇಡಿ.

ಹುಮನಾಬಾದಿನ ಹಳೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಕುರ್ಚಿಯ ಕಟಿಂಗ್ ಅಂಗಡಿಯೊಂದಿದೆ. ಹತ್ತೊಂಬತ್ತು ವರ್ಷದಿಂದ ಅದನ್ನು ನಡೆಸುತ್ತಿರುವವನು ಜ್ಞಾನೇಶ್ವರ. ಊರು ಬಸವಕಲ್ಯಾಣ ತಾಲೂಕಿನ ಮೋರಖಂಡಿ, ವಯಸ್ಸು ನಲವತ್ನಾಲ್ಕು, ಓದು ಏಳನೆಯ ಕ್ಲಾಸು. ಗಿರಾಕಿಗಳ ಬಾಯಲ್ಲಿ ಅವನು ಜ್ಞಾನೋಬಾ. ದಿನಾ ಎರಡು ಬಸ್ ಬದಲಿಸಿ ಬರುತ್ತಾನೆ. ಮಂಗಳವಾರ ಅಂಗಡಿ ಬಂದ್. ಅವತ್ತು ಹೆಂಡತಿ ಗಯಾಬಾಯಿಯ ಜೊತೆ ಎರಡೆಕರೆ ತೊಗರಿ ಹೊಲದಲ್ಲಿರುತ್ತಾನೆ. ನಾನು ಅವನ ಹಳೆಯ ಗಿರಾಕಿ. ತಲೆಯ ಮೇಲೆ ಕೂದಲಿದ್ದ ಕಾಲದಿಂದ.

ಕಳೆದ ಯುಗಾದಿಯ ನಂತರದ ಒಂದು ಭಾನುವಾರ ಮಳಿಗೆಯ ಮಾಲೀಕ ಬಂಡೆಪ್ಪ ಸಾವ್ಕಾರರು ದಾಡಿಗೆ ಬಂದರು. ಜೊತೆಗೆ ಅಳಿಯ ಅಂಬರೀಷ. ಮುಖಕ್ಕೆ ನೊರೆ ಹತ್ತುತ್ತಲೇ ಮಾವ ಅಳಿಯ ಇಂಗ್ಲಿಷಿಗೆ ಹಾರಿದರು. ಜ್ಞಾನೋಬಾನ ಕಿವಿಗೆ ಸಿಕ್ಕಿದ್ದು ಮೂರು ಮಾತು: ಶಾಪ್, ಬಾರ್ಬರ್, ದೀಪಾವಳಿ. ಆಮೇಲೆ ಒಂದು ನಗು. ನಗುವಿಗೆ ಭಾಷೆ ಬೇಕಿಲ್ಲವಲ್ಲ, ಅದು ಪೂರ್ತಿ ಅರ್ಥವಾಯಿತು.

"ಏನ್ರಿ ಸಾವ್ಕಾರ್ರ, ಅಂಗಡಿ ಮಾತು ಏನೋ ಬಂತಲ್ಲ?"

"ಏನಿಲ್ಲೋ ಗ್ಯಾನ್ಯಾ. ಟ್ಯಾಕ್ಸಿಂದು. ನಿನಗ ತಿಳಿಯಂಗಿಲ್ಲ, ನೀ ದಾಡಿ ಮಾಡು."

ಹತ್ತೊಂಬತ್ತು ವರ್ಷ ಬಾಯಿಮಾತಿನ ಮೇಲೆ ನಡೆದ ಅಂಗಡಿ. ಕಾಗದ ಇಲ್ಲ, ಕರಾರು ಇಲ್ಲ. ದೀಪಾವಳಿಗೆ ಈ ಕುರ್ಚಿಗಳು ಇಲ್ಲಿರುತ್ತವೆಯೋ ಓಣಿಗೆ ಬೀಳುತ್ತವೆಯೋ, ಅದು ತನಗೆ ಬಾರದ ಭಾಷೆಯಲ್ಲಿ ತೀರ್ಮಾನವಾಗುತ್ತಿದೆ ಎಂಬಷ್ಟು ಅವನಿಗೆ ತಿಳಿಯಿತು. ಕೈಯಲ್ಲಿ ಏಳು ತಿಂಗಳು.

ಮೊದಲು ಹೋದದ್ದು ಬಸವಕಲ್ಯಾಣದ ಒಂದು ಕ್ಲಾಸಿಗೆ. ಮೂವತ್ತು ದಿನದಲ್ಲಿ ಇಂಗ್ಲಿಷ್ ಮಾತಾಡಿಸುತ್ತೇವೆಂದು ಬೋರ್ಡು ಹಾಕಿಕೊಂಡ ಪೈಕಿ ಒಂದು. ಅಲ್ಲಿಯ ಮಾಸ್ತರ ಇವನನ್ನು ಮೇಲಿಂದ ಕೆಳಗೆ ನೋಡಿ, "ಕಾಕಾ, ಈ ವಯಸ್ಸಿಗೆ ನಿಮಗ್ಯಾಕ ಬೇಕ್ರಿ ಇದು?" ಎಂದನಂತೆ. ಕಲಿಸುವ ಅಂಗಡಿ ತೆರೆದವನೇ ಕಲಿಯಬೇಡ ಅನ್ನುತ್ತಾನೆ. ಜ್ಞಾನೋಬಾ ಹಾಗೆ ಗಿರಾಕಿಯನ್ನು ನೋಡಿ "ಈ ಮುಖಕ್ಕ ಯಾಕ ದಾಡಿ" ಅಂದಿದ್ದರೆ ಎರಡನೆಯ ದಿನವೇ ಬಾಗಿಲು ಹಾಕಬೇಕಿತ್ತು.

ದಾರಿ ತೋರಿಸಿದವಳು ಪಕ್ಕದಲ್ಲಿ ಚಹಾ ಮಾರುವ ಮುನ್ನಿ ಬೀ.

"ಜ್ಞಾನೋಬಾ ಭೈಯಾ, ನಮ್ಮ ಸರ್ವರಿ ಫೋನಿನ್ಯಾಗೇ ಕಲಿತಾಳ. ಫುಕಟ್."

"ಫುಕಟ್ ಅಂದ್ರ ಖರೇನೇ ಫುಕಟ್ ಏನ್ ಆಪಾ? ಆಮ್ಯಾಲೆ ಏನಾರ ಕೇಳ್ತಾರೇನು?"

"ಟೈಮ್ ಕೇಳ್ತಾರ. ಅದು ನಿನ್ನ ಹತ್ರ ಭರಪೂರ ಅದ. ಬುಧವಾರ ಒಂದು ನೊಣಾನೂ ಬರಂಗಿಲ್ಲ ನಿನ್ನ ಅಂಗಡಿಗಿ."

ಮುನ್ನಿ ಬೀಯ ಮಗಳು ಸರ್ವರಿ ಬಿ.ಎ. ಓದುವ ಹುಡುಗಿ. ಇವನ ಫೋನು ಕಸಿದುಕೊಂಡು ಹತ್ತು ನಿಮಿಷದಲ್ಲಿ ಒಂದು ಶಾಲೆಯನ್ನೇ ಅದರೊಳಗೆ ಕೂರಿಸಿದಳು: ಕಲಿಯುವವರಿಗೆಂದೇ ನಿಧಾನವಾಗಿ ಓದುವ ಸುದ್ದಿ, ಕೆಳಗೆ ಅಕ್ಷರ ಮೂಡುವ ವಿಡಿಯೊ, ರೇಡಿಯೊ ಪಾಠ, ಒಂದು ಡಿಕ್ಷನರಿ, ಕಲಿಯುವವರು ತಮ್ಮ ತಮ್ಮೊಳಗೆ ಮಾತಾಡಿಕೊಳ್ಳುವ ಒಂದು ಕೋಣೆ. "ಕಾಕಾ, ತಿಳೀಲಿಲ್ಲ ಅಂದ್ರ ಅಲ್ಲೇ ನಿಂದರಿಸಿ ಮತ್ತ ಕೇಳ್ರಿ" ಎಂದಳು.

ಹೇಗೆ ನಿಲ್ಲಿಸುವುದು? ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಯಾರದೋ ಗಲ್ಲ, ಎರಡರ ತುಂಬ ನೊರೆ. ಕಿವಿಗೆ ಸಿಕ್ಕಿಸಿದ ಫೋನಿನ ವೈರಿನಲ್ಲಿ ಪಾಠ ಹೇಳುವ ಹೆಣ್ಣುಮಗಳು ಓಡುತ್ತಲೇ ಇರುತ್ತಾಳೆ, ಇವನು ಹಿಂದಿಂದೆ ಓಡಬೇಕು. ಕ್ಲಾಸಿನ ಹುಡುಗರು ನಿಲ್ಲಿಸಿ ನಿಲ್ಲಿಸಿ ಕಲಿಯುತ್ತಾರೆ. ಜ್ಞಾನೋಬಾನಿಗೆ ಆ ಭಾಗ್ಯವಿರಲಿಲ್ಲ. ಅದೇ ಅವನ ಕಿವಿಯನ್ನು ಮಸೆದದ್ದು. ಆಡುವವರು ಯಾರೂ ನಿಂತು ನಿಂತು ಆಡುವುದಿಲ್ಲವಲ್ಲ.

ಕೇಳಿದ್ದನ್ನು ಬಾಯಲ್ಲಿ ತಿರುಗಿಸಲು ಜನ ಬೇಕು. ಜನ ಕುರ್ಚಿಯಲ್ಲೇ ಇದ್ದರು. ಮೇಲ್ತುಟಿಯ ಮೇಲೆ ಕತ್ತಿ ಇಟ್ಟು, "ಸರ್, ವಾಟ್ ಈಸ್ ಯುವರ್ ಒಪಿನಿಯನ್ ರೀ?" ಎನ್ನುತ್ತಿದ್ದ. ಆ ಹೊತ್ತಿನಲ್ಲಿ ಯಾವ ಮಗ ಒಪಿನಿಯನ್ ಕೊಡುತ್ತಾನೆ? ಉತ್ತರ ಬಾರದಿದ್ದಾಗ ಗಿರಾಕಿಯ ಪರವಾಗಿ ತಾನೇ ಉತ್ತರಿಸುತ್ತಿದ್ದ, ಅದೂ ದನಿ ಬದಲಿಸಿ. ತಾಲೂಕು ಕಚೇರಿಯ ಗುಮಾಸ್ತ ನರಸಿಂಗ ಒಂದು ದಿನ ನೊರೆಯ ಮುಖದಲ್ಲೇ ಎದ್ದು ಕೂತ.

"ಲೇ ಜ್ಞಾನೋಬಾ, ನನ್ನ ಬಾಯಿಂದ ನೀನಾ ಮಾತಾಡಾಕತ್ತಿಯಲ್ಲೋ. ಕತ್ತಿ ಕೆಳಗಿಟ್ಟರ ನಾನೂ ಎರಡು ಹೇಳತೇನಿ."

"ಹೇಳ್ರಿ ಸಾಹೇಬ್ರ. ಇಟ್ಟೆ, ನೋಡ್ರಿ."

ನರಸಿಂಗ ಗಂಟಲು ಸರಿ ಮಾಡಿಕೊಂಡ. ಕನ್ನಡಿ ನೋಡಿದ. ನನ್ನನ್ನು ನೋಡಿದ. "ಇರ್ಲಿ, ಮೊದ್ಲು ದಾಡಿ ಮುಗಸು," ಎಂದು ಮಲಗಿದ.

ಬಸ್ಸಿನ ಕತೆ ಕಂಡಕ್ಟರನೇ ಹೇಳಿದ್ದು. ಬಸವಕಲ್ಯಾಣ ಬಿಟ್ಟು ಸ್ವಲ್ಪ ದೂರದಲ್ಲಿ, ಒಂದು ಗುಂಡಿಯ ಕುಲುಕಿಗೆ ಜ್ಞಾನೋಬಾನ ಕಿವಿಯ ವೈರು ಕಿತ್ತು ಬಂತು. ಫೋನು ಗಟ್ಟಿಯಾಗಿ, "ರಿಪೀಟ್ ಆಫ್ಟರ್ ಮಿ. ಐ ವುಡ್ ಲೈಕ್ ಎ ವಿಂಡೋ ಸೀಟ್" ಎಂದಿತು. ಅವನು ಗಾಬರಿಯಲ್ಲಿ ಆಫ್ ಮಾಡುವ ಗುಂಡಿ ಹುಡುಕುವಷ್ಟರಲ್ಲಿ ಹಿಂದಿನ ಸೀಟಿನ ಮುದುಕಿಯೊಬ್ಬಳು, ಮಡಿಲಲ್ಲಿ ಬದನೆಕಾಯಿಯ ಬುಟ್ಟಿ ಇಟ್ಟುಕೊಂಡವಳು, ನೆಟ್ಟಗೆ ಕೂತು ಅಂದೇಬಿಟ್ಟಳು: ವಿಂಡೋ ಸೀಟ್. ಮುಂದಿನ ಸಲಕ್ಕೆ ಅರ್ಧ ಬಸ್ಸು ಅಂದಿತು. ಹುಮನಾಬಾದು ಬರುವ ಹೊತ್ತಿಗೆ ಡ್ರೈವರನೂ ಸೇರಿ ಎಲ್ಲರಿಗೂ ಕಿಟಕಿ ಬೇಕಾಗಿತ್ತು. ಇಳಿಯುವಾಗ ಮುದುಕಿ, "ನಾಳಿ ಯಾವ ಪಾಠ ಅದ, ಯಪ್ಪಾ?" ಎಂದು ಕೇಳಿದಳಂತೆ. ಆ ವಯಸ್ಸಿಗೆ ಅವಳಿಗ್ಯಾಕೆ ಬೇಕಿತ್ತು? ಆ ಮಾಸ್ತರನನ್ನು ಆ ಬಸ್ಸಿಗೆ ಹತ್ತಿಸಬೇಕಿತ್ತು.

ಮಂಗಳವಾರದ ಮಧ್ಯಾಹ್ನ ಹೊಲದ ಬೇವಿನ ಕೆಳಗೆ ಫೋನಿನ ಮಾತಿನ ಕೋಣೆ ತೆರೆಯುತ್ತಿತ್ತು. ಮೊದಲ ಸಲ ಸಿಕ್ಕವನು ಫಿಲಿಪ್ಪೀನ್ಸಿನ ಒಬ್ಬ ರಿಕ್ಷಾದವನು. ಪಾಠದ ಪ್ರಕಾರ ಮೊದಲು ಹೆಸರು ಹೇಳಬೇಕು, ಆಮೇಲೆ ಹವ್ಯಾಸ. ನಮ್ಮ ಕಡೆ ಹಾಗೆ ಮಾತು ಶುರುವಾಗುತ್ತದೆಯೇ? ಯಾವ ಊರು, ತಂದೆ ಏನು ಮಾಡುತ್ತಾರೆ, ಅಣ್ಣತಮ್ಮಂದಿರೆಷ್ಟು, ಈ ವರ್ಷ ಬೆಳೆ ಹೇಗಿದೆ ಎಂದು ಇವನು ಕೇಳುತ್ತಾ ಹೋದ. ಆ ಪುಣ್ಯಾತ್ಮ ಒಂದೊಂದಕ್ಕೂ ಉತ್ತರ ಕೊಟ್ಟ. ತೆಂಗು ಈ ಸಲ ಸುಮಾರು, ತಮ್ಮನಿಗೆ ಹೆಣ್ಣು ಸಿಕ್ಕಿಲ್ಲ. ಗಯಾಬಾಯಿ ಕಳೆ ಕೀಳುತ್ತಲೇ ಕೂಗಿದಳು.

"ತಮ್ಮಗ ಎಷ್ಟು ವಯಸ್ಸು ಕೇಳ್ರಿ. ಹೊಲ ಎಷ್ಟದ ಅದೂ ಕೇಳ್ರಿ."

"ನಿನಗ್ಯಾಕ ಬೇಕ ಅದು? ಸಮುದ್ರದ ಆಚೆ ಇರ್ತಾನ ಅಂವ."

"ಮತ್ತ ನೀವು ಕೇಳಿದ್ದೇನು, ಅವರಪ್ಪನ ಕಥಿ?"

ಗಂಡ ಹೆಂಡಿರ ಈ ಜಗಳವನ್ನು ಇಂಗ್ಲಿಷಿನಲ್ಲಿ ವಿವರಿಸಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತು ತಾನು ಇಂಗ್ಲಿಷಿನಲ್ಲಿದ್ದೆ ಎಂಬುದು ಅವನಿಗೆ ಆಮೇಲೆ ಹೊಳೆಯಿತು. ಹೊಳೆದ ಕೂಡಲೇ ಮುನ್ನಿ ಬೀಗೆ ಫೋನು ಮಾಡಿದ. ಅವಳು ಕೇಳುತ್ತಾ ನಿಂತು ಒಲೆಯ ಮೇಲಿನ ಹಾಲು ಉಕ್ಕಿಸಿಕೊಂಡಳು.

ದೀಪಾವಳಿಗೆ ಎರಡು ವಾರ ಇತ್ತು. ಭಾನುವಾರ ಬೆಳಿಗ್ಗೆ ನಾನು ಬೆಂಚಿನ ಮೇಲೆ ಪೇಪರು ಹಿಡಿದು ಕೂತಿದ್ದೆ. ಮಾವ ಅಳಿಯ ಬಂದರು. ಸಾವ್ಕಾರರು ಕುರ್ಚಿಗೆ, ಅಂಬರೀಷ ನನ್ನ ಪಕ್ಕಕ್ಕೆ. ಎಡಗಲ್ಲದ ದಾಡಿ ಮುಗಿಯುವ ಹೊತ್ತಿಗೆ ಇಬ್ಬರೂ ಇಂಗ್ಲಿಷಿನಲ್ಲಿದ್ದರು. ಮೊಬೈಲ್ ಮಾರುವವರು ಮಳಿಗೆ ಕೇಳುತ್ತಿದ್ದಾರೆ, ಹಬ್ಬ ಆದ ಮೇಲೆ ಕೊಡೋಣ ಎಂದ ಅಂಬರೀಷ. ಬಾರ್ಬರನಿಗೆ ನಿಜ ಹೇಳುವುದು ಬೇಡ. ಚಾವಣಿ ರಿಪೇರಿ ಇದೆ, ಒಂದು ತಿಂಗಳು ಕುರ್ಚಿ ತೆಗೆ ಅನ್ನೋಣ. ಒಮ್ಮೆ ಹೊರಗೆ ಹೋದ ಕುರ್ಚಿ ಹೇಗೆ ಒಳಗೆ ಬರುತ್ತದೆ?

ಸಾವ್ಕಾರರು ಸ್ವಲ್ಪ ಅನುಮಾನಿಸಿದರು. ಹತ್ತೊಂಬತ್ತು ವರ್ಷ, ಎಂದರು.

ಅಳಿಯ ನಕ್ಕ. ಅವನು ಒಳ್ಳೆಯವನು, ಒಳ್ಳೆಯವರು ಸದ್ದು ಮಾಡುವುದಿಲ್ಲ, ಎಂದ.

ನನಗೆ ಮೈ ಉರಿಯಿತು. ನಾನು ಪೇಪರು ಮಡಿಸುವಷ್ಟರಲ್ಲಿ ಜ್ಞಾನೋಬಾ ಸಾವ್ಕಾರರ ಗಲ್ಲ ಮೆಲ್ಲಗೆ ಬಲಕ್ಕೆ ತಿರುಗಿಸಿ, ಕತ್ತಿಯನ್ನು ಮೇಲ್ತುಟಿಯ ಮೇಲಿಟ್ಟ.

"ರೂಫ್ ಈಸ್ ಗುಡ್ ರೀ, ಸಾವ್ಕಾರ್ರ," ಎಂದ. "ಐ ಆಮ್ ಗುಡ್ ಮ್ಯಾನ್. ಬಟ್ ಟುಡೇ, ನಾಯ್ಸ್."

ಕತ್ತಿ ಒಂದು ಎಳೆಯೂ ತಪ್ಪಲಿಲ್ಲ, ಇದನ್ನು ನಾನು ಸಾಕ್ಷಿಯಾಗಿ ಹೇಳುತ್ತೇನೆ. ಎಂಥ ಸಿಟ್ಟಿದ್ದರೂ ಅರ್ಧ ದಾಡಿಯಲ್ಲಿ ಮನುಷ್ಯನನ್ನು ಬಿಡಬಾರದು ಎಂಬುದು ಅವನ ಅಪ್ಪ ಕಲಿಸಿದ್ದು. ಹಾಗಾಗಿ ದಾಡಿಯೂ ನಡೆಯಿತು, ಭಾಷಣವೂ ನಡೆಯಿತು. ಪೂರ್ತಿ ಇಂಗ್ಲಿಷಿನಲ್ಲಿ, ನಡುನಡುವೆ ರೀ ಹಚ್ಚಿ. ನಿಮ್ಮ ಮದುವೆಯ ದಿನ ನಿಮಗೆ ದಾಡಿ ಮಾಡಿದವನು ನನ್ನ ತಂದೆ. ಈ ಬಾಗಿಲಿಗೆ ಬಣ್ಣ ಹಚ್ಚಿದವನು ನಾನು. ನೀವು ಕೇಳಿದ್ದರೆ ಮಾತಾಡುತ್ತಿದ್ದೆ, ಆದರೆ ನೀವು ಕೇಳಲಿಲ್ಲ, ನನ್ನ ಮುಂದೆಯೇ ನಾನಿಲ್ಲದ ಹಾಗೆ ಮಾತಾಡಿದಿರಿ. ಸಾವ್ಕಾರರ ಕಣ್ಣು ಕನ್ನಡಿಯಲ್ಲಿ ಅಗಲವಾಗುತ್ತಿತ್ತು. ಬಾಯಿ ತೆರೆಯುವ ಹಾಗಿಲ್ಲ. ಅಂಬರೀಷ ಎದ್ದು ನಿಂತ. ಬಾಗಿಲಲ್ಲಿ ಚಹಾದ ಕಪ್ಪು ಹಿಡಿದ ಮುನ್ನಿ ಬೀ, "ಕೂಡ್ರಿ ಅಳಿಯ ಸಾಹೇಬ್ರ. ನಡುವ ಎದ್ರ ಪಾಠ ತಿಳಿಯಂಗಿಲ್ಲ" ಎಂದಳು.

ಪಟಿಕ ಉಜ್ಜಿ, ಟವೆಲ್ಲಿನಿಂದ ಒರೆಸಿದ ಮೇಲೆ ಸಾವ್ಕಾರರಿಗೆ ಬಾಯಿ ಬಂತು.

"ಎಲ್ಲಿ ಕಲಿತಿಯೋ ಇದು?"

"ಇಲ್ಲೇ ರೀ. ನಿಮ್ಮಂಥವರ ಗಲ್ಲದ ಮ್ಯಾಲೆ."

ನಾನು ನಕ್ಕೆ. ಸಾವ್ಕಾರರಿಗೂ, ಪಾಪ, ತಡೆಯಲಾಗಲಿಲ್ಲ. ನಕ್ಕ ಮೇಲೆ ಮನುಷ್ಯನಿಗೆ ನಾಚಿಕೆ ಬರುತ್ತದೆ, ಅವರಿಗೂ ಬಂತು. ಐದು ವರ್ಷದ ಕರಾರು ಬರೆಸೋಣ ಎಂದರು. ಅಳಿಯನ ಮುಖ ಮಾತ್ರ ಹಿಂಡಿದ ನಿಂಬೆಹಣ್ಣು.

ಕರಾರು ಬರೆಸುವ ಕೆಲಸ ಆ ನಿಂಬೆಹಣ್ಣಿಗೇ ಬಿತ್ತು. ನಾಲ್ಕು ದಿನಕ್ಕೆ ನಾಲ್ಕು ಪುಟ ತಂದ, ನಾಲ್ಕೂ ಇಂಗ್ಲಿಷು. ಮಂಗಳವಾರ ಬೇವಿನ ಕೆಳಗೆ ಜ್ಞಾನೋಬಾ ಡಿಕ್ಷನರಿ ಹಚ್ಚಿಕೊಂಡು ಒಂದೊಂದೇ ಸಾಲು ಓದಿದ. ಮೂರನೆಯ ಪುಟದ ಕೊನೆಗೆ, ಇರುವೆಯ ಸಾಲಿನಂಥ ಅಕ್ಷರದಲ್ಲಿ ಒಂದು ಮಾತಿತ್ತು: ಮಾಲೀಕರು ಕಾರಣ ಹೇಳದೆ ಒಂದು ತಿಂಗಳ ನೋಟಿಸಿನಲ್ಲಿ ಮಳಿಗೆ ಬಿಡಿಸಬಹುದು. ಐದು ವರ್ಷದ ಹೊಟ್ಟೆಯಲ್ಲಿ ಒಂದು ತಿಂಗಳು ಅಡಗಿ ಕೂತಿತ್ತು.

ಬುಧವಾರ ಕಾಗದವನ್ನು ಸಾವ್ಕಾರರ ಮನೆಗೇ ಒಯ್ದ.

"ಈ ಸಾಲು ತೆಗೀರಿ. ತೆಗೆದು, ಪೂರಾ ಕನ್ನಡದಾಗ ಬರೆಸಿ ಕೊಡ್ರಿ."

"ಕನ್ನಡದಾಗ ಯಾಕ?" ಎಂದ ಅಂಬರೀಷ. "ನಿನಗ ಇಂಗ್ಲಿಷ್ ಬರ್ತದಲ್ಲ ಈಗ?"

"ನನಗ ಬರ್ತದ್ರಿ. ಸಾಕ್ಷಿ ಸಹಿ ಹಾಕಾಕಿ ನನ್ನ ಹೆಂಡ್ತಿ. ಆಕಿ ಓದೇ ಹಾಕತಾಳ. ಆಕಿಗೂ ಏಳು ತಿಂಗಳು ಕಲೀ ಅಂತೀರೇನು?"

ಹಬ್ಬಕ್ಕೆ ಮೂರು ದಿನ ಮೊದಲು ಕನ್ನಡದ ಕರಾರು ಬಂತು. ಗಯಾಬಾಯಿ ಅಂಗಡಿಯ ಕುರ್ಚಿಯಲ್ಲಿ ಕೂತು ಗಟ್ಟಿಯಾಗಿ, ಓಣಿಗೆ ಕೇಳುವ ಹಾಗೆ ಓದಿದಳು, ಎರಡು ಕಡೆ ಬೇಕಂತಲೇ ಎರಡೆರಡು ಸಲ. ಆಮೇಲೆ ಸಹಿ ಹಾಕಿದಳು. ಜ್ಞಾನೋಬಾನ ಕಿವಿಯಲ್ಲಿ ವೈರು ಈಗಲೂ ಇದೆ. ಮಂಗಳವಾರ ಈಗಲೂ ಫಿಲಿಪ್ಪೀನ್ಸಿನ ತಮ್ಮನ ಹೆಣ್ಣಿನ ಚರ್ಚೆ ನಡೆಯುತ್ತದೆ. ಚಂದದ ಭಾಷೆ, ಕಲಿಯಲಿ, ಕುಣಿಯಲಿ. ಆದರೆ ತನ್ನ ಕುರ್ಚಿ ಉಳಿಸಿಕೊಳ್ಳಲು ಒಬ್ಬ ಮನುಷ್ಯ ಇನ್ನೊಂದು ಭಾಷೆ ಕಲಿತು ಬರಬೇಕಾದದ್ದು ಅವನ ಸಾಹಸವಿರಬಹುದು, ನಮಗೆ ಅದು ಮರ್ಯಾದೆಯಲ್ಲ.

ನಿಮ್ಮದೊಂದು ಮಳಿಗೆ ಇದೆ, ಅಥವಾ ಒಂದು ಮನೆ ಬಾಡಿಗೆಗಿದೆ. ಕಪಾಟಿನಿಂದ ಆ ಕರಾರು ತೆಗೆಯಿರಿ. ಸಹಿ ಹಾಕಿದವರಿಗೆ ಓದಲು ಬಾರದ ಭಾಷೆಯಲ್ಲಿದ್ದರೆ, ಈ ವಾರವೇ ಅವರು ಓದುವ ಭಾಷೆಯಲ್ಲಿ ಬರೆಸಿ, ಅವರ ಮನೆಗೆ ನೀವೇ ಒಯ್ದು ಕೊಡಿ.