ಪೆಲ್‌ಬರಿಯ ಮೆಂಬರ್ ಕುರ್ಚಿ ಹೆಣೆಯುವ ಏವ್ರಿಲ್

ಪೆಲ್ ನದಿಯ ಮೇಲೆ ಇನ್ನೂ ಮಂಜು ಕೂತಿದೆ. ಚಪ್ಪಟೆ ದೋಣಿಯ ಮೂತಿಯಲ್ಲಿ ಮಂಡಿಯೂರಿದ ಏವ್ರಿಲ್ ಸ್ಕೆಚ್ಲಿ ಉದ್ದ ಹಿಡಿಯ ಕುಡುಗೋಲನ್ನು ನೀರೊಳಗೆ ಇಳಿಸುತ್ತಾರೆ, ಬುಡಕ್ಕೆ ತಾಗಿಸುತ್ತಾರೆ, ಒಂದೇ ಎಳೆತಕ್ಕೆ ಒಂದು ತೆಕ್ಕೆ ಜೊಂಡು ದೋಣಿಗೆ ಬಂದು ಬೀಳುತ್ತದೆ. ವಯಸ್ಸು ಎಪ್ಪತ್ತಮೂರು. ಸೊಂಟ ಆಗಾಗ ಕೈಕೊಡುತ್ತದೆ, ನಾಲಿಗೆ ಮಾತ್ರ ಇವತ್ತಿನವರೆಗೂ ಕೈಕೊಟ್ಟಿಲ್ಲ.

ಹಳೇ ಗಿರಣಿಯ ಕೆಳಗಿನ ತಿರುವಿನಲ್ಲಿ ಜೊಂಡು ಆಳೆತ್ತರ ಬೆಳೆದಿದೆ, ನದಿಯಲ್ಲಿ ಇನ್ನೆಲ್ಲೂ ಅಂಥ ಜೊಂಡಿಲ್ಲ. ಅಲ್ಲಿಗೆ ಬಂದದ್ದೇ ಏವ್ರಿಲ್ ಕುಡುಗೋಲನ್ನು ಒಳಗೆಳೆದುಕೊಳ್ಳುತ್ತಾರೆ. "ಅದು ಮೆಂಬರದ್ದು. ಈಗ ಮುಟ್ಟೋ ಹಾಗಿಲ್ಲ" ಎನ್ನುತ್ತಾರೆ. ಆಗಸ್ಟ್ ಬಂದರೆ ಜೊಂಡು ಕಂದುತ್ತದೆ, ಬಾಗಿಸಿದರೆ ಮುರಿಯುತ್ತದೆ. ಜುಲೈ ಮುಗಿಯುತ್ತಾ ಬಂದಿದೆ.

ಪಾರ್ಲಿಮೆಂಟಿಗೆ ಗೆದ್ದವರನ್ನು, ಅಂದರೆ ಮೆಂಬರನ್ನು, ಓಕ್ ಮರದ ಕುರ್ಚಿಯಲ್ಲಿ ಕೂರಿಸಿ, ಹೆಗಲ ಮೇಲೆ ಹೊತ್ತು, ಸಂತೆಪೇಟೆಯ ಕಲ್ಲುಶಿಲುಬೆಗೆ ಒಂದು ಸುತ್ತು ಬರುವುದು ಪೆಲ್‌ಬರಿಯ ಪದ್ಧತಿ. ಮುಂದಿನ ಎರಡು ಹಿಡಿಗೆ ಗೆದ್ದವರ ಕಡೆಯವರು, ಹಿಂದಿನ ಎರಡಕ್ಕೆ ಸೋತವರ ಕಡೆಯವರು. ಕಾಣದ ಕಡೆಯಿಂದ ಎದುರಾಳಿ ಹೊತ್ತಿದ್ದಾನೆ ಅನ್ನೋದು ಮೇಲೆ ಕೂತವರಿಗೆ ನೆನಪಿರಲಿ ಅಂತ ಹಿರಿಯರು ಮಾಡಿಟ್ಟದ್ದು. ಪ್ರತಿ ಚುನಾವಣೆಗೂ ಕೂರುವ ಜಾಗದ ಹಳೇ ಜೊಂಡಿನ ಹೆಣಿಗೆ ಕತ್ತರಿಸಿ ಹೊಸದು ಹಾಕಬೇಕು, ಗೆದ್ದವರು ಅದೇ ಹಳಬರಾದರೂ ಸರಿ. ಹೊಸ ಹೆಣಿಗೆಯ ಮೇಲೆ ಮೆಂಬರು ಕೂತ ಮೇಲೆಯೇ ಮುಂದಿನದಕ್ಕೆ ಜೊಂಡು ಕೊಯ್ದು, ಒಣಗಿಸಿ, ಅಟ್ಟ ಸೇರಿಸಬೇಕು. ಚುನಾವಣೆ ಯಾವಾಗ ಬಂದು ಬಾಗಿಲು ತಟ್ಟುತ್ತೋ ಯಾರಿಗೆ ಗೊತ್ತು.

ಈ ಸಲದ ಹೆಣಿಗೆಯ ಮೇಲೆ ಯಾರೂ ಕೂತಿಲ್ಲ. ಚುನಾವಣೆ ಮುಗಿದು ಮೂರು ವಾರವಾಯಿತು.

ಆದದ್ದಿಷ್ಟೇ. ಕ್ಷೇತ್ರಗಳ ಗಡಿ ಹೊಸದಾಗಿ ಎಳೆದರು. ಪೆಲ್‌ಬರಿ ಇರುವ ಪೆಲ್‌ಶೈರ್ ಕೌಂಟಿಗೆ ಉಳಿದಿದ್ದ ಒಂದೇ ಒಂದು ಕ್ಷೇತ್ರವನ್ನು ಪಕ್ಕದ ಗ್ರೆಂಡನ್ ಎಂಬ ದೊಡ್ಡೂರಿನ ಬಾಲಕ್ಕೆ ಕಟ್ಟಿದರು. ಎಣಿಕೆ ಗ್ರೆಂಡನ್ನಿನಲ್ಲಿ, ಘೋಷಣೆ ಗ್ರೆಂಡನ್ನಿನಲ್ಲಿ, ಗೆದ್ದ ಮೇಗನ್ ಫರ್ಲಿ ಕೂಡ ಗ್ರೆಂಡನ್ನಿನವರು, ಹಿಂದೆ ದಾದಿಯಾಗಿದ್ದವರು. ಫಲಿತಾಂಶದ ಬೆಳಿಗ್ಗೆ ಪೆಲ್‌ಬರಿಯವರು ಕುರ್ಚಿ ಹೊರಗಿಟ್ಟುಕೊಂಡು ಮಧ್ಯಾಹ್ನದವರೆಗೆ ಕಾದರು. ಆಮೇಲೆ ಮಳೆ ಹನಿಯಿತು. ಒಳಗೆ ತೆಗೆದುಕೊಂಡು ಹೋದರು.

"ಪುರಸಭೆಯವರು ಮೊದಲೇ ಹೇಳಿದ್ರು, ಈ ಸಲ ಹೆಣೀಬೇಡಿ ಏವ್ರಿಲ್, ಗಾಜಿನ ಪೆಟ್ಟಿಗೇಲಿ ಇಟ್ಬಿಡೋಣ ಅಂತ. ಗಾಜಿನ ಪೆಟ್ಟಿಗೇಲಿ ಇಡೋದು ಹುಲ್ಲು ತುಂಬಿದ ಸತ್ತ ಗೂಬೇನ. ನಾನು ಹೆಣೆದೆ."

ಒಂದು ಕಾಲಕ್ಕೆ ಈ ಪುಟ್ಟ ಕೌಂಟಿಯಿಂದ ಆರು ಜನ ಲಂಡನ್ನಿಗೆ ಹೋಗುತ್ತಿದ್ದರು. ಕೌಂಟಿಗೆ ಇಬ್ಬರು, ಪೆಲ್‌ಬರಿ ಪಟ್ಟಣಕ್ಕೆ ಇಬ್ಬರು, ಕುರಿಗಳೇ ಹೆಚ್ಚಿದ್ದ ಥಾರ್ನಿಕ್ ಎಂಬ ಹಳ್ಳಿಗೂ ಇಬ್ಬರು. ಆರು ಕುರ್ಚಿ. ಥಾರ್ನಿಕ್ ಮತದಾರರೆಲ್ಲ ಒಂದೇ ಮೇಜಿನ ಸುತ್ತ ಕೂತು ಜಮೀನ್ದಾರರ ಬಿಯರು ಕುಡಿದು ಅವರ ಮಕ್ಕಳನ್ನೇ ಆರಿಸುತ್ತಿದ್ದರಂತೆ. ಚುನಾವಣಾ ಸುಧಾರಣೆಯ ಮೊದಲ ಕಾನೂನಿಗೆ ಥಾರ್ನಿಕ್‌ನ ಎರಡೂ ಸ್ಥಾನ ಹೋದವು. ಆ ಎರಡು ಕುರ್ಚಿಗಳನ್ನು ಸಿಟ್ಟಿಗೆದ್ದ ಜನ ಸುಟ್ಟರು, ಸುಟ್ಟದ್ದು ತಪ್ಪೂ ಅಲ್ಲ. ಆಮೇಲೆ ಪಟ್ಟಣಕ್ಕೆ ಇಬ್ಬರಿದ್ದದ್ದು ಒಬ್ಬರಾಯಿತು. ಇನ್ನೊಂದು ಕಾನೂನು ಬಂದು ಪಟ್ಟಣವನ್ನೇ ಕೌಂಟಿಯೊಳಗೆ ಕರಗಿಸಿತು, ಕೌಂಟಿಯನ್ನು ಉತ್ತರ, ದಕ್ಷಿಣ ಎಂದು ಸೀಳಿತು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಎರಡನ್ನೂ ಹೊಲಿದು ಒಂದು ಮಾಡಿದರು. ಹೋದ ಕುರ್ಚಿಗಳಲ್ಲಿ ಒಂದು 'ಹಂಸ' ಎಂಬ ಪಬ್ಬಿನಲ್ಲಿದೆ, ಅದರ ಮೇಲೆ ಬೆಕ್ಕು ಮಲಗುತ್ತದೆ. ಉಳಿದವು ಯಾರ ಅಡುಗೆಮನೆ ಸೇರಿದವೋ.

ಏವ್ರಿಲ್ ತಂದೆ ಸಿಡ್ನಿ, ಅವರ ತಂದೆ, ಅಜ್ಜ ಎಲ್ಲರೂ ಇದೇ ಕೆಲಸದವರು. ಚರ್ಚಿನ ಪೀಠ, ಅಡುಗೆಮನೆ ಕುರ್ಚಿ, ಪ್ರಾರ್ಥನೆಗೆ ಮೊಣಕಾಲೂರುವ ಮಣೆ ಹೆಣೆದು ಹೊಟ್ಟೆ ಹೊರೆದವರು. ಮೆಂಬರ್ ಕುರ್ಚಿ ಅದರ ನಡುವಿನ ಮರ್ಯಾದೆಯ ಕೆಲಸ. ಪೆಲ್‌ಬರಿಯ ರಾಜಕೀಯ ಚರಿತ್ರೆಯನ್ನು ಈ ಮನೆಯವರು ಕೆಳಗಿನಿಂದ ನೋಡಿಕೊಂಡು ಬಂದಿದ್ದಾರೆ, ಏವ್ರಿಲ್ ಅದನ್ನು ಯಾವ ಮುಲಾಜೂ ಇಲ್ಲದೆ ಹೇಳುತ್ತಾರೆ.

"ನಮ್ಮಜ್ಜನ ಕಾಲದಲ್ಲಿ ಬಿಯರು ಕಾಯಿಸೋ ಸಾಹೇಬ್ರೊಬ್ರು ಗೆದ್ದಿದ್ರು, ಹೊರೋಕೆ ಆರು ಜನ ಬೇಕಾಯ್ತಂತೆ. ಅವರ ನಂತರದವರು ಗಣಿ ಕೆಲಸದ ಮನುಷ್ಯ, ಕೂರೋಕೆ ಮುಂಚೆ ಬೂಟು ಬಿಚ್ಚಿಟ್ರು. ಯಾಕೆ ಅಂದ್ರೆ, ಹೆಣೆದವರ ಕೆಲಸ ಕೊಳೆ ಮಾಡಬಾರದು ಅಂದ್ರಂತೆ. ನಮ್ಮಪ್ಪ ಅವರ ಪಕ್ಷಕ್ಕೆ ಜನ್ಮದಲ್ಲಿ ವೋಟು ಹಾಕಲಿಲ್ಲ. ಆದ್ರೂ ಆ ಬೂಟಿನ ಕತೆ ಹೇಳುವಾಗ ದನಿ ಬದಲಾಗ್ತಿತ್ತು."

ತಮ್ಮದೇ ಒಂದು ಎಡವಟ್ಟನ್ನೂ ಅವರು ನಗುತ್ತಾ ಹೇಳಿಕೊಳ್ಳುತ್ತಾರೆ. ಜೊಂಡನ್ನು ನೆನೆಸಿಯೇ ಹೆಣೆಯಬೇಕು, ಹೆಣೆದ ಮೇಲೆ ಆರಲು ದಿನ ಬೇಕು. ತಂದೆ ತೀರಿಕೊಂಡ ವರ್ಷ ದಿಢೀರನೆ ಚುನಾವಣೆ ಬಂತು. ಹೊಸ ಕೈ, ಅವಸರದ ಕೆಲಸ. ಗೆದ್ದ ಮಹಾಶಯರು ತಿಳಿಬಣ್ಣದ ಪ್ಯಾಂಟಿನಲ್ಲಿ ಕೂತು, ಸುತ್ತು ಬಂದು, ಇಳಿದು, ಜನರಿಗೆ ಬೆನ್ನು ಮಾಡಿ ಪುರಸಭೆಯ ಮೆಟ್ಟಿಲು ಹತ್ತಿದರು. ಸಂತೆಪೇಟೆಗೆ ಸಂತೆಪೇಟೆಯೇ ನಕ್ಕಿತು. "ಪ್ಯಾಂಟಿನ ಹಿಂಭಾಗಕ್ಕೆ ಹಸಿರು ಅಚ್ಚು, ಹೆಣಿಗೆ ಸಮೇತ. ಅವರು ಐದು ವರ್ಷ ನನ್ನ ಮುಖ ನೋಡಲಿಲ್ಲ. ಅವರ ಹೆಂಡತಿ ಮಾತ್ರ ಸಿಕ್ಕಾಗಲೆಲ್ಲ ಕಣ್ಣು ಮಿಟುಕಿಸೋರು."

ಆ ಸಂತೆಪೇಟೆ ಈಗೆಲ್ಲಿ. ಬಣ್ಣದ ರಿಬ್ಬನ್ನುಗಳು, ತೊಟ್ಟಿಯ ಮೇಲೆ ನಿಂತು ಕೂಗುವ ಭಾಷಣ, ಸೋತವನಿಗೂ ಒಂದು ಲೋಟ ಕೊಡಿಸುವ ಗೆದ್ದವನು. ಆ ದಿನಗಳಲ್ಲಿ ಮೆಂಬರನ್ನು ಬೈಯಲು ಟಿವಿ ಮುಂದೆ ಕೂರಬೇಕಿರಲಿಲ್ಲ. ಶನಿವಾರ ಮೀನಿನ ಅಂಗಡಿ ಮುಂದೆ ನಿಂತರೆ ಸಾಕಿತ್ತು, ಅವರೇ ಎದುರು ಸಿಗುತ್ತಿದ್ದರು.

ಆ ವಾರದ ಶನಿವಾರ ಪೆಲ್‌ಬರಿಯ ಲೈಬ್ರರಿಯಲ್ಲಿ ಮೇಗನ್ ಫರ್ಲಿ ಮೊದಲ ಬಾರಿಗೆ ಜನರ ಅಹವಾಲು ಕೇಳಲು ಕೂತರು. ಏವ್ರಿಲ್ ಎಲ್ಲರಂತೆ ಸಾಲಿನಲ್ಲಿ ನಿಂತರು. ಅವರ ಮುಂದಿದ್ದವರದು ಬಸ್ಸಿನ ದೂರು, ಅದರ ಮುಂದಿನವರದು ಚರಂಡಿ. ಸಾಲಿನ ಪಕ್ಕ ಹಾದುಹೋದ ಮಾಂಸದಂಗಡಿಯ ಡೆರೆಕ್ ಟಾಫ್ಟ್ ಕಣ್ಣರಳಿಸಿದರು. ಸೋತ ಪಕ್ಷದ ಕಟ್ಟಾಳು, ಏವ್ರಿಲ್ ಜೊತೆ ಒಂದೇ ಬೆಂಚಿನಲ್ಲಿ ಓದಿದವರು.

"ಏನೇ, ನೀನೂ ಪಕ್ಷ ಬದಲಾಯಿಸಿದ್ಯಾ?"

"ನಾನ್ಯಾವ ಪಕ್ಷ ಅಂತ ನಿಂಗೆ ಯಾವತ್ತು ಗೊತ್ತಿತ್ತು? ಹೋಗಿ ಕೈ ತೊಳ್ಕೊಂಡು ಬಾ. ಬೇಕಾಗಬಹುದು."

ಸರದಿ ಬಂತು. ಮೇಗನ್ ಪೆನ್ನು ಎತ್ತಿಕೊಂಡು, "ಹೇಳಿ, ಏನು ತೊಂದರೆ?" ಎಂದರು.

"ನನ್ನ ಕುರ್ಚಿ ಮೇಲೆ ಯಾರೂ ಕೂತಿಲ್ಲ" ಎಂದರು ಏವ್ರಿಲ್.

ಮೇಗನ್ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಈ ವಿಷಯ ತಮಗೆ ಯಾರೂ ಹೇಳಿರಲಿಲ್ಲ ಎಂದರು. ಹೇಳಿರಲಿಲ್ಲ ಎಂಬುದು ನಿಜವೇ. ಗೆದ್ದವರಿಗೆ ಗೊತ್ತಿದ್ದೇ ಇರುತ್ತದೆ, ತಾವಾಗಿ ಬರುತ್ತಾರೆ ಎಂದು ಕೂತುಬಿಡುವುದು ಪೆಲ್‌ಬರಿಯವರಿಗೆ ಮಾತ್ರ ಸಾಧ್ಯವಾದ ತಪ್ಪು. ಇಲ್ಲಿ ಅದು ಗೊತ್ತಿಲ್ಲದವರು ಇದುವರೆಗೆ ಯಾರೂ ಗೆದ್ದಿರಲಿಲ್ಲ.

ಅಹವಾಲು ಮುಗಿಸಿ ಕೂರಲು ಮೇಗನ್ ಒಪ್ಪಿದರು, ಕುರ್ಚಿ ಸಂತೆಪೇಟೆಗೆ ಬಂತು. ಇನ್ನೊಂದು ತೊಡಕಿತ್ತು. ಪೇಟೆಯಲ್ಲಿ ಹುಡುಕಿದರೂ ಮೇಗನ್ ಕಡೆಯವರೊಬ್ಬರೂ ಸಿಗಲಿಲ್ಲ. ನಾಲ್ಕು ಹಿಡಿಗೂ ಸೋತವರೇ ಗತಿ. ಡೆರೆಕ್ ಏಪ್ರನ್ ಬಿಚ್ಚಿ ಮೂವರನ್ನು ಕರೆತಂದರು.

"ನಾಲ್ಕೂ ಜನ ನಿಮಗೆ ವಿರುದ್ಧ ದುಡಿದವರೇ ಮೇಡಂ. ಮುಂದಿನ ಸಲಾನೂ ದುಡೀತೀವಿ" ಎಂದರು ಡೆರೆಕ್. "ಆದ್ರೆ ಬೀಳಿಸಲ್ಲ. ಬೀಳಿಸಿದ್ರೆ ಏವ್ರಿಲ್ ನಮ್ಮನ್ನ ಈ ಊರಲ್ಲಿ ಇರೋಕೆ ಬಿಡಲ್ಲ."

ಮೇಗನ್ ಕುರ್ಚಿಯನ್ನೂ ಆ ನಾಲ್ವರನ್ನೂ ನೋಡಿದರು. ಮುಖ ಬಿಳಿಚಿಕೊಂಡಿತ್ತು. ಆದರೂ ಕೂತರು. ಎತ್ತಿದಾಗ ಎರಡೂ ಕೈ ಕುರ್ಚಿಯ ತೋಳುಗಳನ್ನು ಗಟ್ಟಿಯಾಗಿ ಹಿಡಿದವು. ಶಿಲುಬೆಯ ಅರ್ಧ ಸುತ್ತು ದಾಟುವ ಹೊತ್ತಿಗೆ ಒಂದು ಕೈ ಸಡಿಲಾಯಿತು, ಮೀನಿನ ಅಂಗಡಿ ಬರುವ ಹೊತ್ತಿಗೆ ಜನರತ್ತ ಬೀಸತೊಡಗಿತು. ನೆರೆದವರು ಬಹಳ ಮಂದಿಯಲ್ಲ. ಆದರೆ ವಯಸ್ಸಾದವರು ಟೋಪಿ ತೆಗೆದರು.

ಏವ್ರಿಲ್ ಅದನ್ನೆಲ್ಲ ನೋಡಲಿಲ್ಲ. ಕುರ್ಚಿಯ ಪಕ್ಕದಲ್ಲೇ ತಲೆ ವಾಲಿಸಿ ನಡೆಯುತ್ತಿದ್ದರು. ಹೊಸ ಜೊಂಡಿನ ಮೇಲೆ ಮೊದಲ ಭಾರ ಬಿದ್ದಾಗ ಅದು ಕಿರ್ರೆನ್ನುತ್ತದೆ, ಆ ಸದ್ದಿಗೆ ಅವರು ಮೂರು ವಾರದಿಂದ ಕಾದಿದ್ದರು. ಕೇಳಿದಾಗ ಕಣ್ಣು ತುಂಬಿಬಂದವು, ಮುಚ್ಚಿಟ್ಟುಕೊಳ್ಳಲೂ ಹೋಗಲಿಲ್ಲ.

ಇಳಿದ ಮೇಲೆ ಮೇಗನ್ ಕೇಳಿದರು, "ಇದನ್ನ ಹೆಣೆಯುವಾಗ ಯಾರು ಗೆಲ್ಲಲಿ ಅಂದುಕೊಂಡಿದ್ರಿ?"

"ಹೆಣೆಯುವಾಗ ಯಾರು ಕೂರ್ತಾರೋ ಗೊತ್ತಿರಲ್ಲ ನೋಡಮ್ಮಾ. ಅದಕ್ಕೇ ಯಾರು ಕೂತ್ರೂ ತಡೆಯೋ ಹಾಗೆ ಹೆಣೀಬೇಕು."

ಜನ ಚದುರಿದರು. ಏವ್ರಿಲ್ ಹೆಣಿಗೆಯ ನಡುವೆ ಅಂಗೈಯಿಟ್ಟು, ಚೂರೇ ಚೂರು ತಗ್ಗಿದ್ದನ್ನು ಸವರಿ ನೋಡಿದರು.

"ಇದು ಇನ್ನು ಹಳೇದು" ಎಂದರು. "ಡೆರೆಕ್, ನಾಳೆ ಬೆಳಿಗ್ಗೆ ದೋಣಿ ತಳ್ಳೋಕೆ ಬಾ. ಗಿರಣಿ ಕೆಳಗಿನ ಜೊಂಡು ಕೊಯ್ಯೋದಿದೆ."