ಬುಕಿಂಗ್ ಫೀ ವಾಪಸ್ ಕೊಟ್ಟ ಇಲ್ಲಮ್ಮ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಇಲ್ಲಮ್ಮ ಅಂತಲೇ ಕರೆಯುತ್ತಿದ್ದರು. ಸಂಗೀತ ಕಾರ್ಯಕ್ರಮಗಳ ಟಿಕೆಟ್ ಮಾರುವ ಕಂಪನಿ ಅದು. ಟಿಕೆಟ್ ತಡವಾಗಿ ಬಂತು, ಕಾರ್ಯಕ್ರಮ ತಪ್ಪಿಹೋಯಿತು ಅಂತ ಯಾರಾದರೂ ಫೋನ್ ಮಾಡಿದರೆ ಟಿಕೆಟ್ಟಿನ ದುಡ್ಡು ವಾಪಸ್ ಕೊಡಿಸುವುದು, ಬುಕಿಂಗ್ ಫೀ ಕೇಳಿದರೆ ಇಲ್ಲ ಅನ್ನುವುದು, ಇಷ್ಟೇ ಅವಳ ಕೆಲಸ. ಆದರೆ ಎಂಥಾ ಇಲ್ಲ ಅಂತೀರಿ! ಜೇನಲ್ಲಿ ಅದ್ದಿ ತೆಗೆದ ಇಲ್ಲ. ಕಿಡಿ ಕಾರುತ್ತಾ ಫೋನ್ ಮಾಡಿದವರು ಕೊನೆಗೆ ಥ್ಯಾಂಕ್ಸ್ ಹೇಳಿ ಫೋನ್ ಇಡುತ್ತಿದ್ದರು, ಆಮೇಲೆ ಅರೆ, ಫೀ ಬರಲೇ ಇಲ್ವಲ್ಲ ಅಂತ ತಲೆ ಕೆರೆದುಕೊಳ್ಳುತ್ತಿದ್ದರು.

ತಪ್ಪು ಕಂಪನಿಯದಾದರೆ ಫೀ ವಾಪಸ್ ಕೊಡಬೇಕು ಅಂತ ನಿಯಮವೇನೋ ಇತ್ತು. ಆದರೆ ತಪ್ಪು ಕಂಪನಿಯದು ಅಂತ ಯಾವತ್ತೂ ಆಗುತ್ತಲೇ ಇರಲಿಲ್ಲ. "ಕೊರಿಯರ್‌ನವರು ತಡ ಮಾಡಿದ್ದಾರೆ" ಅನ್ನಬೇಕು, ಮುಗೀತು. ಯಾರು ಏನು ಹೇಳುತ್ತಾರೆ ಅಂತ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೇಳಲಿಕ್ಕೆ ಒಬ್ಬ ಸೂಪರ್‌ವೈಸರ್ ಬೇರೆ. ಎಲ್ಲರ ಮಾತನ್ನೂ ತಿದ್ದುತ್ತಿದ್ದರಿಂದ ಅವನಿಗೆ ಮೇಷ್ಟ್ರು ಅಂತ ಹೆಸರು ಬಿದ್ದಿತ್ತು.

ದಿನವಿಡೀ ಇಷ್ಟು ಮಾತಾಡಿದ ಇಲ್ಲಮ್ಮ ಮನೆಗೆ ಬಂದರೆ ಬಾಯಿಗೆ ಬೀಗ. ಗಂಡ ಲಾರಿ ಡ್ರೈವರ್, ಅವನು ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಜಾಸ್ತಿ. ಮನೆಯಲ್ಲಿ ಇರೋದು ಅತ್ತೆ ಮತ್ತು ಅವಳು. ಅತ್ತೆ ಮುಂದಿನ ಕೋಣೆಯಲ್ಲಿ ಕೂತು ಕಿಟಕಿ ಪರದೆ ಹೊಲಿಯುತ್ತಿದ್ದರು. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದರಿಂದ ಅವರ ಮಾತೂ ಅಷ್ಟಕ್ಕಷ್ಟೆ. "ಊಟ?" "ಹ್ಞೂಂ." "ದೀಪ ಆರಿಸ್ಲಾ?" "ಆರಿಸು." ಸೊಸೆ ಯಾವುದೋ ಫೋನ್ ಆಫೀಸಿಗೆ ಹೋಗುತ್ತಾಳೆ ಅಂತ ಅತ್ತೆಗೆ ಗೊತ್ತಿತ್ತು, ಆ ಆಫೀಸು ಏನು ಮಾರುತ್ತದೆ ಅಂತ ಗೊತ್ತಿರಲಿಲ್ಲ. ಗೊತ್ತಾಗೋದಾದರೂ ಹೇಗೆ, ಹೇಳಿದವರ್ಯಾರು?

ಆವತ್ತು ಗುರುವಾರ. ಊಟ ಮುಗಿಸಿ ಬಂದು ಇಲ್ಲಮ್ಮ ಮೊದಲ ಫೋನ್ ಎತ್ತಿದಳು.

"ನಮಸ್ಕಾರ, ತಮಗೆ ಹೇಗೆ ಸಹಾಯ ಮಾಡಲಿ?"

"ಸಹಾಯ ಎಲ್ಲಾ ಬೇಡ ತಾಯಿ, ನನ್ನ ದುಡ್ಡು ಕೊಡಿ ಸಾಕು."

ಇಲ್ಲಮ್ಮನ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಎಲ್ಲೋ ಕೇಳಿದ ದನಿ. ಹಿಂದೆ ಟಪ್ ಟಪ್ ಅಂತ ಬಕೆಟ್ಟಿಗೆ ನೀರು ತೊಟ್ಟಿಕ್ಕುತ್ತಿದೆ, ಬೆಳಿಗ್ಗೆ ತಾನೇ ಬಟ್ಟೆ ಸುತ್ತಿ ಬಂದ ನಲ್ಲಿಯ ಹಾಗೆ. ಛೆ, ಊರಲ್ಲಿ ಸೋರುವ ನಲ್ಲಿ ಒಂದೇ ಇರುತ್ತಾ? ಬುಕಿಂಗ್ ನಂಬರ್ ಕೇಳಿದಳು. ಆ ಕಡೆಯವರು ತಡವರಿಸುತ್ತಾ ಒಂದೊಂದೇ ಅಂಕಿ ಹೇಳಿದರು, ಇವಳು ಒತ್ತಿದಳು. ಸ್ಕ್ರೀನ್ ಮೇಲೆ ಮನೆ ವಿಳಾಸ ಬಂತು. ಅವಳದೇ ಮನೆ! ಅದರ ಮೇಲೆ ಹೆಸರು. ಅದೂ ಅವಳದೇ!

ಎರಡು ಟಿಕೆಟ್, ಮುಂದಿನ ಸಾಲು. ಕಾರ್ಯಕ್ರಮ ಹೋದ ಭಾನುವಾರದ್ದು, ಹುಡುಗಿಯರೇ ಸೇರಿ ಡ್ರಮ್ ಬಾರಿಸುವ ಬ್ಯಾಂಡಿನದು. ಪಕ್ಕದ ಮನೆಯವರು ರೇಡಿಯೋ ಜೋರು ಮಾಡಿದರೆ ಕಿಟಕಿ ದಢಾರನೆ ಹಾಕಿಕೊಳ್ಳುವ ಅತ್ತೆ, ಡ್ರಮ್ಮಿಗೆ, ಮುಂದಿನ ಸಾಲು!

"ಮೇಡಂ..." ಅಭ್ಯಾಸಬಲದಿಂದ ಜೇನು ತಾನೇ ತಾನಾಗಿ ಸುರಿಯಿತು. "ತಮ್ಮ ಟಿಕೆಟ್ ದುಡ್ಡು ಆಗಲೇ ವಾಪಸ್ ಬಂದಿದೆ ಅಲ್ವಾ?"

"ಅದು ಬಂತು. ಬುಕಿಂಗ್ ಫೀ ಅಂತ ಹಿಡ್ಕೊಂಡಿದೀರಲ್ಲ, ಅದು? ನೋಡಮ್ಮಾ, ನಾನು ಪರದೆ ಹೊಲಿಯೋಳು. ಮನೆಗೆ ನೆಂಟರು ಬರ್ತಾರೆ ಅಂತ ಪರದೆ ಹೊಲಿಯೋಕೆ ಕೊಡ್ತಾರೆ. ನೆಂಟರು ಬಂದು ಉಂಡು ಹೋದ್ಮೇಲೆ ನಾನು ಪರದೆ ತಗೊಂಡು ಹೋಗಿ ಕೂಲಿ ಕೊಡಿ ಅಂದ್ರೆ ಪೊರಕೆ ತಗೋತಾರೋ ಇಲ್ವೋ?"

"ತಗೋತಾರೆ" ಅಂದುಬಿಟ್ಟಳು ಇಲ್ಲಮ್ಮ. ದೂರದಲ್ಲಿ ಕೂತಿದ್ದ ಮೇಷ್ಟ್ರು ತಲೆ ಎತ್ತಿದ.

"ಮತ್ತೆ? ಬೀದಿ ಮೂಲೆಯ ಮೊಬೈಲ್ ಅಂಗಡಿಯವನ ಕೈಲಿ ಬುಕ್ ಮಾಡಿಸ್ದೆ. ಟಿಕೆಟ್ ಕೈಗೆ ಬರ್ಲಿ, ಆಮೇಲೆ ಹೇಳೋಣ ಅಂತ ಬಾಯಿ ಮುಚ್ಕೊಂಡಿದ್ದೆ. ಕೊರಿಯರ್ ಭಾನುವಾರವೂ ಬರುತ್ತೆ ಅಂದ ಅವನು. ಹೊಸ ಚಪ್ಪಲಿ ಹಾಕ್ಕೊಂಡು ಬಾಗಿಲ ಹತ್ರ ಕೂತಿದ್ದೇ ಬಂತು. ಸೋಮವಾರ ತಂದು ಕೊಟ್ರು ನಿಮ್ಮೋರು."

ಭಾನುವಾರ! ಇಲ್ಲಮ್ಮನಿಗೆ ನೆನಪಾಯಿತು. ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿ, ಮನೆಯೊಳಗೇ ಚಪ್ಪಲಿ ಹಾಕಿಕೊಂಡು ಬಾಗಿಲ ಪಕ್ಕ ಕೂತಿದ್ದರು ಅತ್ತೆ. ಯಾಕೆ ಅಂತ ಕೇಳಿದರೆ "ಗಾಳಿಗೆ" ಅಂದಿದ್ದರು. ಗಾಳಿಗೆ ಚಪ್ಪಲಿ ಯಾಕೆ ಅಂತ ಇವಳಿಗೆ ಹೊಳೆದಿರಲೇ ಇಲ್ಲ.

"ಯಾರಿಗೆ ಮೇಡಂ ಎರಡನೇ ಟಿಕೆಟ್ಟು?" ಇದು ಕೇಳಬಾರದ ಪ್ರಶ್ನೆ.

"ನನ್ನ ಸೊಸೆಗೆ. ಪಾಪ, ದಿನಾ ಯಾರ್ಯಾರ ಹತ್ರ ಬೈಸ್ಕೊಂಡು ಬರ್ತಾಳೋ, ಮನೇಲಿ ಗೂಬೆ ಥರ ಕೂತಿರ್ತಾಳೆ. ನಂಗೂ ಏನು ಮಾತಾಡ್ಬೇಕೋ ಗೊತ್ತಾಗಲ್ಲ. ಡ್ರಮ್ ಬಾರಿಸೋ ಜಾಗದಲ್ಲಾದ್ರೆ ಮಾತೇ ಬೇಕಿಲ್ಲ ನೋಡು. ಇಬ್ರೂ ಅಕ್ಕಪಕ್ಕ ಕೂತಿದ್ರೆ ಸಾಕು."

ಇಲ್ಲಮ್ಮ ಕಣ್ಣು ಪಿಳಿಪಿಳಿ ಬಿಟ್ಟಳು. ಈಗ ಅವಳು ಹೇಳಬೇಕಾದ ಸಾಲು ಸ್ಕ್ರೀನಿನ ಕೆಳಗೆ ಅಂಟಿಸಿದ ಚೀಟಿಯಲ್ಲೇ ಇತ್ತು: ಕೊರಿಯರ್‌ನವರು ತಡ ಮಾಡಿದ್ದಾರೆ. ಅದನ್ನು ಹೇಳಿದರೆ ಕೆಲಸ ಉಳಿಯುತ್ತದೆ. ಆದರೆ ಕೊರಿಯರ್‌ನವರು ತಡ ಮಾಡಿರಲಿಲ್ಲ. ಕಂಪನಿಯ ಹೊಸ ಗುರುತು ಅಚ್ಚಾದ ಕವರುಗಳು ಬರಲಿ ಅಂತ ಆ ಕಾರ್ಯಕ್ರಮದ ಟಿಕೆಟ್ಟುಗಳನ್ನೆಲ್ಲ ಚೀಲದಲ್ಲಿ ತುಂಬಿ ಮೆಟ್ಟಿಲ ಕೆಳಗೆ ಇಟ್ಟಿದ್ದರು. ಕುರ್ಚಿ ಸಾಲದೆ ಎಲ್ಲರೂ ಆ ಚೀಲಗಳ ಮೇಲೇ ಕೂತು ಊಟ ಮಾಡುತ್ತಿದ್ದರು. ಮೆತ್ತಗೆ ಚೆನ್ನಾಗಿದೆ ಅಂತ ಮೂಲೆಯ ಚೀಲವನ್ನು ಇಲ್ಲಮ್ಮ ತನ್ನದೇ ಅಂತ ಮಾಡಿಕೊಂಡಿದ್ದಳು.

ಅಂದರೆ ಅತ್ತೆ ಕೊಡಿಸಿದ ಟಿಕೆಟ್ಟಿನ ಮೇಲೆ ಕೂತು ತಾನೇ ವಾರವಿಡೀ ಡಬ್ಬಿ ಖಾಲಿ ಮಾಡಿದ್ದು!

"ಹಲೋ? ಇದೀಯೇನಮ್ಮ?"

"ಇದೀನಿ. ಮೇಡಂ, ಕೊರಿಯರ್‌ನವರ ತಪ್ಪಿಲ್ಲ. ತಪ್ಪು ನಮ್ಮದು. ಟಿಕೆಟ್ಟುಗಳನ್ನ ನಾವೇ ಕಳಿಸದೆ ಇಟ್ಕೊಂಡಿದ್ವಿ. ನಿಮ್ಮ ಬುಕಿಂಗ್ ಫೀ ಪೂರ್ತಿ ವಾಪಸ್ ಬರುತ್ತೆ. ನಾನು ಬರ್ಕೊಂಡಿದೀನಿ, ಈ ಮಾತು ರೆಕಾರ್ಡ್ ಕೂಡ ಆಗಿದೆ."

ಇಡೀ ಸಾಲಿನ ಹುಡುಗಿಯರು ತಿರುಗಿ ನೋಡುತ್ತಿದ್ದರು. ಮೇಷ್ಟ್ರು ಹೆಡ್‌ಫೋನಿನ ವೈರು ಎಳೆದುಕೊಂಡೇ ಓಡಿ ಬಂದ.

"ಏನಮ್ಮಾ, ತಲೆ ಕೆಟ್ಟಿದ್ಯಾ? ಇಲ್ಲಮ್ಮನೇ ಹೂಂ ಅಂದ್ರೆ ಕಂಪನಿ ಗತಿ ಏನು?"

"ಆ ಚೀಲದ ಮೇಲೆ ನೀವೂ ಕೂತಿದ್ರಿ ಸಾರ್. ಚಟ್ನಿ ಬೇರೆ ಚೆಲ್ಲಿದ್ರಿ."

"ಚಟ್ನಿ ಅಲ್ಲ, ಸಾಂಬಾರು" ಅಂತ ತಿದ್ದಿದ ಮೇಷ್ಟ್ರು.

ಸಂಜೆ ಮನೆಗೆ ಬಂದರೆ ಇನ್ನೊಂದು ಆಶ್ಚರ್ಯ. ಅತ್ತೆಯ ಬಾಯಲ್ಲಿ ಗುಂಡುಸೂಜಿ ಇಲ್ಲ! ಮೇಜಿನ ಮೇಲೆ ಹರಡಿದ ನೀಲಿ ಬಟ್ಟೆ ಕತ್ತರಿಸುತ್ತಾ ಅವರೇ ಶುರು ಮಾಡಿದರು.

"ಇವತ್ತು ಒಂದು ಹುಡುಗಿ ಜೊತೆ ಫೋನಲ್ಲಿ ಮಾತಾಡ್ದೆ ಕಣೇ. ಏನೋ ಒಂದು ವ್ಯವಹಾರ, ಬಿಡು. ಎಷ್ಟು ಚೆನ್ನಾಗಿ ಮಾತಾಡ್ತಾಳೆ ಅಂತೀಯಾ! ಮನೆಯವರು ಪುಣ್ಯ ಮಾಡಿರ್ಬೇಕು."

ಇಲ್ಲಮ್ಮ ಬ್ಯಾಗು ಕೆಳಗಿಟ್ಟಳು. ಗಂಟಲು ಸರಿ ಮಾಡಿಕೊಂಡಳು.

"ನಮಸ್ಕಾರ, ತಮಗೆ ಹೇಗೆ ಸಹಾಯ ಮಾಡಲಿ?"

ಕತ್ತರಿ ಗಕ್ಕನೆ ನಿಂತಿತು. ಅತ್ತೆ ಸೊಸೆಯ ಮುಖ ನೋಡಿದರು, ಫೋನ್ ನೋಡಿದರು, ಮತ್ತೆ ಮುಖ ನೋಡಿದರು.

"ನೀ... ನೀನಾ?"

"ನಾನೇ ಅತ್ತೆ. ಗೂಬೆ."

"ಅಯ್ಯಯ್ಯೋ! ಅದೂ ಕೇಳಿಸ್ಕೊಂಡ್ಯಾ?"

"ನಾನೊಬ್ಳೇ ಅಲ್ಲ. ರೆಕಾರ್ಡ್ ಆಗಿದೆ."

ಅತ್ತೆ ಕೈಲಿದ್ದ ಬಟ್ಟೆಯನ್ನೇ ಮುಖಕ್ಕೆ ಮುಚ್ಚಿಕೊಂಡರು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯದೆ ಇಲ್ಲಮ್ಮ ಗಾಬರಿಯಿಂದ ಹತ್ತಿರ ಹೋದಳು. ಬಟ್ಟೆಯ ಹಿಂದಿನಿಂದ ದನಿ ಬಂತು: "ಪರದೆ ಸೊಟ್ಟ ಕತ್ತರಿಸಿಬಿಟ್ಟೆ ಕಣೇ ನಿನ್ನಿಂದ!"

ಆ ರಾತ್ರಿ ಅನ್ನ ಆರಿ ತಣ್ಣಗಾಗುವವರೆಗೂ ಇಬ್ಬರೂ ಮಾತಾಡಿದರು.

ಮೊಬೈಲ್ ಅಂಗಡಿಯವನು ಅರ್ಧ ಬೀದಿಗೆ ಟಿಕೆಟ್ ಬುಕ್ ಮಾಡಿಕೊಟ್ಟಿದ್ದ. ಅತ್ತೆಯ ಬಾಯಿ ಒಮ್ಮೆ ತೆರೆದುಕೊಂಡಿತು ನೋಡಿ, ಮರುದಿನದಿಂದ ಫೋನೋ ಫೋನು, ಎಲ್ಲರೂ "ತಪ್ಪು ನಮ್ಮದು ಅಂದ್ರಲ್ಲ, ಆ ಮೇಡಂ ಬೇಕು" ಅನ್ನುವವರೇ. ಒಬ್ಬರಿಗೆ ಕೊಟ್ಟ ಮೇಲೆ ಮಿಕ್ಕವರಿಗೆ ಇಲ್ಲ ಅನ್ನುವಂತಿಲ್ಲ. ಕಂಪನಿ ಹಲ್ಲು ಕಚ್ಚಿಕೊಂಡು ಎಲ್ಲರ ಬುಕಿಂಗ್ ಫೀಯನ್ನೂ ವಾಪಸ್ ಕೊಟ್ಟಿತು. ರೆಕಾರ್ಡಿಂಗ್ ಇದ್ದುದರಿಂದ ಇಲ್ಲಮ್ಮನನ್ನು ತೆಗೆದುಹಾಕಲು ಧೈರ್ಯ ಬರಲಿಲ್ಲ. ಫೋನ್ ಕಿತ್ತುಕೊಂಡು, ಕೆಳಗಿನ ಮಹಡಿಯಲ್ಲಿ ಟಿಕೆಟ್ಟುಗಳನ್ನು ಕವರಿಗೆ ಹಾಕಿ ಅಂಟಿಸುವ ಕೋಣೆಗೆ ಕಳಿಸಿದರು. ಅಲ್ಲಿ ದಿನವಿಡೀ ಮಾತಾಡಲಿಕ್ಕೆ ಒಂದು ನರಪಿಳ್ಳೆಯೂ ಇಲ್ಲ. ಹಾಗಾಗಿ ಅವಳ ಮಾತೆಲ್ಲಾ ಈಗ ಮನೆಗೇ ಬರುತ್ತದೆ.

"ಫೋನ್ ಕೆಲಸಾನೇ ಚೆನ್ನಾಗಿತ್ತು" ಅಂತ ಅತ್ತೆ ಕಿವಿ ಮುಚ್ಚಿಕೊಳ್ಳುತ್ತಾರೆ. "ಒಂದು ನಿಮಿಷ ಉಸಿರಾಡೋಕೆ ಬಿಡೇ."

ಹೋದ ವಾರ ಕವರುಗಳ ರಾಶಿಯಲ್ಲಿ ಒಂದನ್ನು ಎತ್ತಿಕೊಂಡ ಇಲ್ಲಮ್ಮ ಮತ್ತೆ ಬೆಚ್ಚಿಬಿದ್ದಳು. ಮೇಲೆ ಅವಳದೇ ಹೆಸರು. ಒಳಗೆ ಹೋಗಬೇಕಾದ ಟಿಕೆಟ್ ಎರಡು, ಅದೇ ಡ್ರಮ್ಮಿನ ಹುಡುಗಿಯರು, ಮುಂದಿನ ಸಾಲು. ಟಿಕೆಟ್ಟುಗಳನ್ನು ಒಳಗೆ ಸೇರಿಸಿ, ಒಂದಕ್ಕೆ ಎರಡು ಸಲ ಅಂಟು ಬಳಿದು, ಒತ್ತಿ, ಮೊದಲ ಚೀಲಕ್ಕೇ ಹಾಕಿದಳು. ಯಾರೂ ಕೂರದ ಹಾಗೆ ಆ ಚೀಲವನ್ನು ಕೊರಿಯರ್‌ನವನ ಕೈಗೇ ಕೊಟ್ಟು ಬಂದಳು. ಮನೆಯಲ್ಲಿ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ.

ಎರಡೇ ದಿನದಲ್ಲಿ ಅತ್ತೆ ಬಾಗಿಲಲ್ಲೇ ಕವರು ಹಿಡಿದು ನಿಂತಿದ್ದರು. ಅಂಚು ಚಿಂದಿ ಚಿಂದಿಯಾಗಿತ್ತು.

"ಅಯ್ಯೋ, ಟಿಕೆಟ್ಟಾ! ನಂಗೆ ಗೊತ್ತೇ ಇರ್ಲಿಲ್ಲ!" ಅಂತ ಇಲ್ಲಮ್ಮ ಎರಡೂ ಕೈ ಕೆನ್ನೆಗೆ ಹಚ್ಚಿಕೊಂಡಳು.

"ನಾಟಕ ಸಾಕು" ಅಂದರು ಅತ್ತೆ. "ಯಾವ ಮಹಾತಾಯಿ ಇದಕ್ಕೆ ಇಷ್ಟೊಂದು ಅಂಟು ಮೆತ್ತಿದ್ದು? ಬಿಚ್ಚೋಕೆ ಕತ್ತರಿನೇ ಬೇಕಾಯ್ತು. ಯಾರಿಗೆ ಫೋನ್ ಮಾಡಿ ಬೈಯ್ಯೋದು, ನಂಬರ್ ಕೊಡು!"